ಮುನ್ನೂರಡಿ ಕೆಳಗಿನ ಖಾತೆ

ಪುಣೆಯ ಹಡಪ್ಸರ್‌ನಲ್ಲಿ, ಮುನೋತ್ ಚೇಂಬರ್ಸಿನಲ್ಲಿ
ಲೆಕ್ಕ ಬರೆಯುವವಳು ನಾನು, ಅಕ್ಕಲಕೋಟೆ ಕಡೆಯವಳು.
ಹಗಲೆಲ್ಲ ಮರಾಠಿಯಲ್ಲಿ ಮಾತಾಡಿದರೂ
ಕೂಡುವುದು, ಕಳೆಯುವುದು ಇವತ್ತಿಗೂ ಕನ್ನಡದಲ್ಲೇ:
ಒಂಬತ್ತೊಂಬತ್ಲೆ ಎಂಬತ್ತೊಂದು.

ನಮ್ಮ ಕಟ್ಟಡಕ್ಕೆ ನಾಲ್ಕು ಅಂತಸ್ತು, ಒಂದು ಜ್ವರ.
ಕೆಳಗೆ ಪೈಠಣಿ ಸೀರೆ, ಮೇಲೆ ರಕ್ತ ತಪಾಸಣೆಯವರು,
ಅದರ ಮೇಲೆ ವಿಮೆ, ತುದಿಗೆ ಸಿಎ ಕ್ಲಾಸು,
ಮಾಳಿಗೆಯಲ್ಲಿ ಹಗಲಿರುಳು ಉಸ್ಸೆನ್ನುವ ಕೂಲಿಂಗ್ ಟವರು.
ಏಪ್ರಿಲ್ ಬಂತೆಂದರೆ ದಿನಕ್ಕೆರಡು ಟ್ಯಾಂಕರ್ ಕುಡಿದು
ನೀರನ್ನು ಆಕಾಶಕ್ಕೆ ಕಳಿಸಿ
ಬಿಲ್ಲನ್ನು ಮಾತ್ರ ನನ್ನ ಮೇಜಿಗೆ ಇಳಿಸುತ್ತಿತ್ತು.

ಸ್ಕೂಟರಿನಲ್ಲಿ ಬಂದ ಇಂಜಿನಿಯರ್ ಆರ್ಯಾ ಘೈಸಾಸ್ ಹೇಳಿದಳು:
ಬಿಸಿಲು ನಲವತ್ತಕ್ಕೇರಿದರೂ
ಈ ಕರಿಕಲ್ಲಿನ ಹೊಟ್ಟೆ ಇಪ್ಪತ್ತೇಳರ ಆಸುಪಾಸಿನಲ್ಲೇ.
ನಿಮ್ಮ ಸೆಕೆಯನ್ನು ಕಾದ ಗಾಳಿಗೇ ಯಾಕೆ ಸುರಿಯುತ್ತೀರಿ?
ನೆಲದಲ್ಲಿ ಇಡಿ.

ಮುನೋತ್ ಶೇಠರು ಕೇಳಿದ್ದು ಒಂದೇ:
ಹಾಕಿದ ದುಡ್ಡು ಎಂದು ತಿರುಗಿ ಬರುತ್ತದೆ?
ಏಳು ವರ್ಷ.
ನಾಲ್ಕು ಎನ್ನಬಹುದಿತ್ತು, ಅನ್ನಲಿಲ್ಲ ಅವಳು.
ಶೇಠರಿಗೆ ಎಪ್ಪತ್ತಮೂರು.
ಬೆರಳ ಗೆಣ್ಣು ಎಣಿಸಿದರು, ಮತ್ತೊಮ್ಮೆ ಎಣಿಸಿದರು,
ಚೆಕ್ಕಿಗೆ ಸಹಿ ಹಾಕಿ
ಪೆನ್ನಿನ ಮುಚ್ಚಳ ಹಾಕುವುದನ್ನು ಮರೆತರು.

ತಿರುಚೆಂಗೋಡಿನ ಪಳನಿವೇಲು ತನ್ನ ರಿಗ್ ತಂದ.
ಇಪ್ಪತ್ತೆರಡು ವರ್ಷ ನೆಲ ಕೊರೆದವನು, ನೀರಿಗಾಗಿ ಮಾತ್ರ.
ಪಾರ್ಕಿಂಗಿನಲ್ಲಿ ಹನ್ನೆರಡು ತೂತು, ಒಂದೊಂದೂ ಮುನ್ನೂರಡಿ.
ಬೂದಿ ಧೂಳು ಸ್ಕೂಟರುಗಳ ಮೇಲೆ, ಸೀರೆಯ ಗಾಜಿನ ಮೇಲೆ,
ನನ್ನ ಡಬ್ಬಿಯ ಶೇಂಗಾ ಹಿಂಡಿಯ ಮೇಲೆ.
ಐದನೆಯ ತೂತಿನಲ್ಲಿ, ಸೋಮವಾರ ಮಧ್ಯಾಹ್ನ,
ನೀರು ಬಿತ್ತು.
ಇಂಚೂವರೆ! ಕಿರುಚಿದ ಪಳನಿವೇಲು, ಚಪ್ಪಲಿ ಬಿಟ್ಟು ನಿಂತ.
ತೆಂಗಿನಕಾಯಿ ತರಲು ವಾಚ್‌ಮನ್ ಓಡಿದ.
ಆರ್ಯಾ ಆಳ ಬರೆದುಕೊಂಡು ಅಂದಳು:
ಪೈಪು ಇಳಿಸಿ, ಗಾರೆ ತುಂಬಿ.

ನೀರು ಸಿಕ್ಕ ತೂತನ್ನು ಮುಚ್ಚುವುದೇ?
ಮೂರು ಸಲ ಕೇಳಿದ ಅವನು, ಮೂರು ಭಾಷೆಯಲ್ಲಿ.

ಕರೀ ಪೈಪು ಇಳಿಯಿತು, ತಳದಲ್ಲಿ ಹೊರಳಿ ಮೇಲೆ ಬಂತು,
ಹೊನ್ನಿನ ಕೊಪ್ಪರಿಗೆ ಕಾಯುವ, ಅಜ್ಜಿ ಹೇಳುತ್ತಿದ್ದ ಹಾವಿನ ಹಾಗೆ.
ಕೊಪ್ಪರಿಗೆ ಇರಲಿಲ್ಲ, ಅಷ್ಟೆ.

ಅಥವಾ ಇತ್ತೇನೋ.
ಈ ಏಪ್ರಿಲ್ಲಿನ ಕರೆಂಟಿನ ಬಿಲ್ಲು
ನೂರು ರೂಪಾಯಿ ಇದ್ದಲ್ಲಿ ಅರವತ್ತೆರಡು.
ಟ್ಯಾಂಕರ್ ಖಾತೆಗೆ ಕೆಂಪು ಗೆರೆ ಎಳೆದು ಮುಚ್ಚಿದ್ದೇನೆ.
ಡಿಸೆಂಬರಿನಲ್ಲಿ ತಪಾಸಣೆಯವರು ಗಾಜು ತೊಳೆದ ಬಿಸಿನೀರು
ನಾವು ಬೇಸಿಗೆಯಲ್ಲಿ ಇಟ್ಟ ಸೆಕೆಯದೇ ಒಂದು ಪಾಲು.
ಇಡುವುದೇ ಹೆಚ್ಚಾದರೆ ಕಲ್ಲೂ ಕಾಯುತ್ತದೆ ಎಂದು
ಆರ್ಯಾ ವರ್ಷಕ್ಕೊಮ್ಮೆ ಬಂದು ನೆಲದ ಪಾಸ್‌ಬುಕ್ ನೋಡುತ್ತಾಳೆ.
ಟವರು ಕಳಚಿದ ಮಾಳಿಗೆಯಲ್ಲಿ ಈಗ ಸಂಜೆಗೆ ಕಥಕ್ ಕ್ಲಾಸು,
ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ.
ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.
ಏಳು ಇನ್ನು ಆರಾದೀತು ಶೇಠಜಿ, ಎಂದೆ.
ತಲೆಯ ಮೇಲೆ ಗೆಜ್ಜೆ ಸದ್ದು. ಅವರು ಒಂದು ಬೆರಳು ಮಡಚಿದರು.

ನಿನ್ನೆ ಲಾತೂರಿನಿಂದ ಪಳನಿವೇಲು ಫೋನು ಮಾಡಿದ್ದ.
ಅಲ್ಲಿ ಏಳುನೂರು ಅಡಿ, ಬರೀ ಧೂಳು.
ಅಕ್ಕಾ, ಆ ಐದನೇ ತೂತು?

ಜಮಾ ಅಲ್ಲ, ಖರ್ಚೂ ಅಲ್ಲ,
ಇಂಚೂವರೆ ನೀರಿಗೆ ನನ್ನ ವಹಿಯಲ್ಲಿ ಕಾಲಮ್ಮಿಲ್ಲ.
ಅಲ್ಲೇ ಇದೆ ಅಣ್ಣಾ, ಎಂದೆ,
ಒದ್ದೆ ಕಲ್ಲು ಸೆಕೆಯನ್ನು ಬೇಗ ಹೀರುತ್ತದಂತೆ,
ಹನ್ನೆರಡರಲ್ಲಿ ಹೆಚ್ಚು ದುಡಿಯುವುದು ಅದೇ.

ಅತ್ತ ಅವನ ರಿಗ್ ಕೊರೆಯುತ್ತಲೇ ಇತ್ತು.
ಕೇಳಿಸಿತೋ ಇಲ್ಲವೋ.